ಮೂರು ಪುಟದ ವಿಜ್ಞಾನಿ

ಬೆಳಿಗ್ಗೆ ಆರೂ ಕಾಲಿಗೆ ಅವರು ಬೀದಿ ನಲ್ಲಿಯ ಹತ್ತಿರ ಬರುತ್ತಾರೆ. ಕೈಯಲ್ಲಿ ಗಾಜಿನ ಬಿರಡೆಯ ಒಂದು ಬಾಟಲಿ, ಹೆಗಲ ಮೇಲೆ ಒಗೆದ ಬಟ್ಟೆಯ ತುಂಡು. ಮೊದಲು ನಲ್ಲಿಯ ಬಾಯಿ ಒರೆಸುತ್ತಾರೆ. ನೀರನ್ನು ಎರಡು ನಿಮಿಷ ಸುಮ್ಮನೆ ಹರಿಯಬಿಡುತ್ತಾರೆ. ಆಮೇಲೆ ಬಿರಡೆ ತೆಗೆದು ಅದನ್ನು ಎಡಗೈಯ ಕೊನೆಯ ಎರಡು ಬೆರಳುಗಳ ನಡುವೆ ಹಿಡಿದುಕೊಳ್ಳುತ್ತಾರೆ. ಕಟ್ಟೆಯ ಮೇಲೆ ಇಡುವುದಿಲ್ಲ, ಜೇಬಿಗೆ ಹಾಕುವುದಿಲ್ಲ. ಬಾಟಲಿ ಕುತ್ತಿಗೆಯವರೆಗೆ ತುಂಬಿದ ಮೇಲೆ ಬಿರಡೆ ಮುಚ್ಚಿ, ಎದುರಿನ ಕಟ್ಟಡದ ಮೂರನೇ ಮಹಡಿಗೆ ಹತ್ತುತ್ತಾರೆ. ಇಪ್ಪತ್ಮೂರು ವರ್ಷಗಳಲ್ಲಿ ಒಂದು ದಿನವೂ ತಪ್ಪಿದ್ದಿಲ್ಲ. ಜ್ವರ ಬಂದಾಗ ಶಾಲು ಹೊದ್ದು ಬಂದಿದ್ದಾರೆ. ಭಾವ ತೀರಿಕೊಂಡ ದಿನ ಬಾಟಲಿ ತಲುಪಿಸಿಯೇ ಅಕ್ಕನ ಮನೆಗೆ ಓಡಿದರು.

ಬೀದಿಯವರು ಅವರನ್ನು ಪ್ರೂಫ್ ಮಾಮ ಎನ್ನುತ್ತಾರೆ. ನಾನು ಪುಸ್ತಕ ಹೊಲಿಯುತ್ತಿದ್ದ ಪ್ರೆಸ್ಸಿನಲ್ಲೇ ಅವರು ಮೂವತ್ತು ವರ್ಷ ಪ್ರೂಫ್ ತಿದ್ದಿದರು. ಅಚ್ಚಿಗೆ ಹೋಗುವ ಮೊದಲು ಪ್ರತಿ ಸಾಲನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವ ಕೆಲಸ ಅದು. ಅವರು ಬಿಟ್ಟ ತಪ್ಪನ್ನು ಇನ್ನೊಬ್ಬರು ಹಿಡಿದದ್ದನ್ನು ನಾನು ಕಂಡಿಲ್ಲ. ಮದುವೆಯಾಗಲಿಲ್ಲ. ಭಾವ ಹೋದಮೇಲೆ ಅಕ್ಕನನ್ನು ಮನೆಗೆ ಕರೆತಂದು ಇಟ್ಟುಕೊಂಡಿದ್ದಾರೆ. ದೇವರ ಮುಂದೆ ಅವರು ಕಣ್ಣು ಮುಚ್ಚಿ ನಿಂತದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಬೇಡುವವರ ಮುಖಕ್ಕೊಂದು ಕಳೆ ಇರುತ್ತದೆ. ಇವರ ಮುಖದಲ್ಲಿ ಅದು ಇರುತ್ತಿರಲಿಲ್ಲ. ಬೈಸಿಕೊಳ್ಳಲು ಕರೆಸಿದ ಹುಡುಗನಂತೆ ನಿಂತಿರುತ್ತಿದ್ದರು. ಏಕೆ ಎಂದು ನಾನು ಕೇಳಲಿಲ್ಲ. ಹೇಳುವ ಕಾಲ ಬಂದಾಗ ಅವರೇ ಹೇಳಿದರು.

ಅವರು ಪ್ರೂಫ್ ತಿದ್ದುತ್ತಿದ್ದ ಕಾಲದಲ್ಲಿ ನಮ್ಮ ಪ್ರೆಸ್ಸಿನಿಂದ ತಿಂಗಳಿಗೊಂದು ಪತ್ತೇದಾರಿ ಪುಸ್ತಕ ಬರುತ್ತಿತ್ತು. ಅಂಗೈಯಗಲದ ಪುಸ್ತಕ. ಬಸ್ಸು ಹತ್ತುವಾಗ ಕೊಂಡು ಇಳಿಯುವಾಗ ಸೀಟಿನಲ್ಲೇ ಬಿಟ್ಟುಹೋಗುವಂಥದ್ದು. ಮುಖಪುಟದಲ್ಲಿದ್ದ ಲೇಖಕನ ಹೆಸರಿನವನು ಈ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಆ ಹೆಸರು ಪ್ರೆಸ್ಸಿನದು. ಅದರ ಒಳಗೆ ಯಾರು ಬೇಕಾದರೂ ಕೂತು ಬರೆಯಬಹುದಿತ್ತು. ಆರು ವರ್ಷ ಅದರೊಳಗೆ ಕೂತು ಬರೆದವರು ಪ್ರೂಫ್ ಮಾಮ. ಇದು ಗೊತ್ತಿದ್ದದ್ದು ಪ್ರೆಸ್ಸಿನ ಯಜಮಾನರೊಬ್ಬರಿಗೇ.

ಒಂದು ತಿಂಗಳ ಪುಸ್ತಕದಲ್ಲಿ ಒಬ್ಬ ದುಷ್ಟ ವಿಜ್ಞಾನಿ ಇದ್ದ. ಊರ ನೀರಿಗೆ ಒಂದು ಪುಡಿ ಬೆರೆಸಿ, ಇಡೀ ಊರನ್ನು ಒಂದು ಹಗಲು ಮಲಗಿಸಿ, ಸರಕಾರದ ಗುಟ್ಟಿನ ಕಡತಗಳನ್ನು ಕದಿಯುವುದು ಅವನ ಉಪಾಯ. ಪುಸ್ತಕದುದ್ದಕ್ಕೂ ಅವನು ಟೆಲಿಫೋನಿನಲ್ಲಿ ಕೇಳುವ ಬರೀ ದನಿ. ಕೊನೆಯ ಅಧ್ಯಾಯದಲ್ಲಿ ಗೂಢಚಾರ ಪ್ರಯೋಗಾಲಯದ ಬಾಗಿಲು ಒದ್ದಾಗಷ್ಟೇ ಅವನ ಮುಖ ಕಾಣುವುದು.

ಪುಸ್ತಕ ಅಚ್ಚಾಗುವುದು ಹದಿನಾರು ಪುಟಕ್ಕೆ ಒಂದು ಹಾಳೆಯಂತೆ. ಕೊನೆಯ ಹಾಳೆಯಲ್ಲಿ ಮೂರು ಪುಟ ಉಳಿದರೆ ಹಲ್ಲುಪುಡಿಯ ಜಾಹೀರಾತು ಹಾಕಿ ತುಂಬುತ್ತಿದ್ದರು. ಆ ಸಲ ಹಲ್ಲುಪುಡಿಯವರು ಕೈಕೊಟ್ಟರು.

"ಮೂರು ಪುಟ ಬೋಳು ಬೋಳಾಗಿ ಬಿಟ್ರೆ ಓದೋರು ನನ್ನ ಮುಖಕ್ಕೆ ಉಗೀತಾರೆ ಕಣಯ್ಯ. ಮಿಶಿನ್ ನಿಂತಿದೆ. ಏನಾದ್ರೂ ತುಂಬು," ಎಂದರು ಯಜಮಾನರು.

"ಕತೆ ಮುಗ್ದೋಯ್ತಲ್ಲ ಯಜಮಾನ್ರೇ."

"ಬಾಗ್ಲು ಒದ್ದಮೇಲೆ ಒಳಗಿರೋನು ಹೇಗಿದಾನೆ ಅಂತ ಹೇಳು. ಮೂಗು, ಬಾಯಿ, ಜುಟ್ಟು. ಮೂರು ಪುಟ ಎಷ್ಟೊತ್ತು?"

ಮೂಗು ಬಾಯಿ ಎಲ್ಲಿಂದ ತರುವುದೆಂದು ಪ್ರೂಫ್ ಮಾಮ ತಲೆಯೆತ್ತಿದಾಗ ಕಿಟಕಿಯ ಹೊರಗೆ ಬೀದಿ ನಲ್ಲಿ ಕಂಡಿತು. ಅಲ್ಲಿ ನೀರು ಪರೀಕ್ಷೆಯ ಇಲಾಖೆಯವರೊಬ್ಬರು ನಿಂತಿದ್ದರು. ಬೀದಿಗೆಲ್ಲ ಅವರು ನೀರಿನವರು. ತೆಳ್ಳನೆಯ, ಸ್ವಲ್ಪ ಬಾಗಿದ ಆಳು. ಎಡಗೈಗೆ ಯಾವಾಗಲೂ ಬಿಳಿಯ ಗ್ಲೌಸು. ಓದುವ ಕಾಲದಲ್ಲಿ ಆಸಿಡ್ಡು ಬಿದ್ದು ಸುಟ್ಟ ಕೈ ಅದು. ಅವರು ಬಾಟಲಿಯನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಮೂಸಿದರು. ತುಟಿಯಲ್ಲೇ ಏನೋ ಎಣಿಸಿದರು. ಬಿರಡೆಯನ್ನು ಗ್ಲೌಸಿನ ಎರಡು ಬೆರಳ ನಡುವೆ ಹಿಡಿದಿದ್ದರು.

ಮುಕ್ಕಾಲು ಗಂಟೆಯಲ್ಲಿ ಮೂರು ಪುಟ ತುಂಬಿತು. ಗ್ಲೌಸು, ಮೂಸುವುದು, ತುಟಿ, ಎಲ್ಲ ಬಂತು. ಬಿರಡೆಯ ಬಗ್ಗೆ ಒಂದು ಇಡೀ ಪ್ಯಾರಾ ಬಂತು: ಅವನು ಬಿರಡೆಯನ್ನು ಮೇಜಿನ ಮೇಲೂ ಇಡುವುದಿಲ್ಲ, ತಾನು ಮಾಡಿದ ವಿಷ ತನಗೇ ತಗುಲೀತೆಂಬ ಭಯ ಅವನಿಗೆ, ಎಂದು. ಬರೆದದ್ದರ ಪ್ರೂಫನ್ನೂ ಅವರೇ ತಿದ್ದಿದರು. ಒಂದು ಕೊಂಬೂ ತಪ್ಪಿರಲಿಲ್ಲ.

ಪುಸ್ತಕ ಬಿಸಿ ಬಿಸಿಯಾಗಿ ಖರ್ಚಾಯಿತು. ಹದಿನೈದು ದಿನದಲ್ಲಿ ನಲ್ಲಿಯ ಹತ್ತಿರ ನಗೆ ಶುರುವಾಯಿತು.

"ಏನ್ ಗ್ಲೌಸು ಡಾಕ್ಟ್ರೇ, ಇವತ್ತು ಮಲಗಿಸ್ತೀರೋ, ನಾಳೆಗೋ?"

"ನಮ್ಮತ್ತೆಗೆ ಮಾತ್ರ ಒಂದು ಚಿಟಿಕೆ ಜಾಸ್ತಿ ಹಾಕಿ ಸ್ವಾಮಿ, ಪುಣ್ಯ ಬರುತ್ತೆ!"

ಪಾಪ, ನೀರಿನವರು ಆ ಪುಸ್ತಕ ಓದಿದವರಲ್ಲ. ಏನೋ ತಮಾಷೆ ಎಂದು ಅವರೂ ನಗುತ್ತಿದ್ದರು. ನಾನೂ ಸಾಲಿನಲ್ಲಿ ನಿಂತು ನಕ್ಕಿದ್ದೇನೆ. ಅದನ್ನು ಇಲ್ಲಿ ಬರೆಯದಿದ್ದರೆ ದೇವರು ಮೆಚ್ಚುವುದಿಲ್ಲ.

ನಾಲ್ಕನೇ ತಿಂಗಳಿಗೆ ಎಲ್ಲೋ ನೆಲದೊಳಗೆ ಪೈಪು ಒಡೆದು ನೀರಿಗೆ ಹೊಲಸು ಸೇರಿತು. ಬಾಟಲಿಯಲ್ಲಿ ಅದನ್ನು ಮೊದಲು ಕಂಡವರು ಅವರೇ. ಆಫೀಸಿನ ಕಾಗದಕ್ಕೆ ಕಾಯದೆ ಮನೆಮನೆಯ ಬಾಗಿಲು ಬಡಿದರು. "ಎಂಟು ದಿನ ಕಾಯಿಸಿ ಕುಡೀರಿ. ದಮ್ಮಯ್ಯ ಅಂತೀನಿ, ಕಾಯಿಸಿ ಕುಡೀರಿ."

"ಪುಡಿ ಹಾಕಾಯ್ತು ಅನ್ನಿ!" ಎಂದು ಬಾಗಿಲಲ್ಲೇ ನಕ್ಕು ಕಳಿಸಿದರು ಜನ. ಪ್ರೂಫ್ ಮಾಮನ ಅಕ್ಕ, ಆಗ ಎರಡು ಬೀದಿ ಆಚೆ ಇದ್ದವರು, "ಕಾಯಿಸಿದ್ರೆ ನಿಮ್ಮ ಪುಡಿ ಕೆಟ್ಟೋಗಲ್ವಾ?" ಎಂದು ಕೇಳಿ ಅಕ್ಕಪಕ್ಕದವರನ್ನೆಲ್ಲ ನಗಿಸಿದರಂತೆ.

ನಮ್ಮ ಸುತ್ತಿನಲ್ಲಿ ಹನ್ನೊಂದು ಜನ ಆಸ್ಪತ್ರೆ ಸೇರಿದರು. ಇಸ್ತ್ರಿ ಅಂಗಡಿಯವನ ತಾಯಿ ವಾಪಸು ಬರಲಿಲ್ಲ. ಅಕ್ಕ ಬಂದರು, ಆದರೆ ಅವರ ಹೊಟ್ಟೆ ಮತ್ತೆ ಸರಿಹೋಗಲಿಲ್ಲ. ಇವತ್ತಿಗೂ ಉಪ್ಪು ಖಾರವಿಲ್ಲದ ಸಪ್ಪೆ ಊಟ.

ಇಷ್ಟಾದಮೇಲಾದರೂ ಜನ ತಲೆ ತಗ್ಗಿಸಬೇಕಿತ್ತು. ಆದರೆ ಪತ್ತೇದಾರಿ ಪುಸ್ತಕ ಓದಿದ ತಲೆಗಳು ಬೇರೆ ಲೆಕ್ಕ ಹಾಕಿದವು. ಆಗುವ ಮೊದಲೇ ಇವನಿಗೆ ಹೇಗೆ ಗೊತ್ತಾಯಿತು? ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಯಾರೋ ಅವರ ಬಾಟಲಿ ಕಿತ್ತು ಕಲ್ಲಿಗೆ ಕುಕ್ಕಿದರು. ಚೂರು ಹಾರಿ ಅವರ ಕೆನ್ನೆ ಸೀಳಿತು. ಯಾರೂ ಬಿಡಿಸಲಿಲ್ಲ. ಪ್ರೂಫ್ ಮಾಮ ಪ್ರೆಸ್ಸಿನ ಕಿಟಕಿಯಲ್ಲಿ ನಿಂತು ನೋಡಿದರು. ಕೆಳಗಿಳಿಯಲಿಲ್ಲ.

ಆಮೇಲೆ ನೀರಿನವರು ನಲ್ಲಿಯ ಹತ್ತಿರ ಬರಲಿಲ್ಲ. ಆಫೀಸಿನವರು ಅವರನ್ನು ಒಳಗೆ ಕೂತು ಮಾಡುವ ಕುರ್ಚಿ ಕೆಲಸಕ್ಕೆ ಹಾಕಿದರು. ಒಂದು ವಾರ ಕಳೆದು ಪ್ರೂಫ್ ಮಾಮ ಎದುರಿನ ಕಟ್ಟಡದ ಮೂರನೇ ಮಹಡಿ ಹತ್ತಿ ಅವರ ಮನೆಯ ಬಾಗಿಲು ತಟ್ಟಿದರು. ತಪ್ಪೊಪ್ಪಿಕೊಳ್ಳಲೆಂದೇ ಹೋದದ್ದು. ಕೆನ್ನೆಯ ಹೊಲಿಗೆ ಕಂಡಿತು. ಬಾಯಿಂದ ಬೇರೆಯೇ ಮಾತು ಬಂತು. "ನಿಮಗೆ ಪರೀಕ್ಷೆಗೆ ನಲ್ಲಿ ನೀರು ಬೇಕಲ್ವಾ? ನಾನು ದಿನಾ ತಂದ್ಕೊಡ್ತೀನಿ."

ನೀರಿನವರು ಹೊಸ ಬಾಟಲಿ ತಂದು, ಬಿರಡೆ ಹೇಗೆ ಹಿಡಿಯಬೇಕೆಂದು ತೋರಿಸಿದರು. "ಎಲ್ಲೂ ಇಡಬೇಡಿ. ಇಟ್ಟ ಜಾಗದ ಕೊಳೆ ಬಿರಡೆಗೆ ಹತ್ತಿದ್ರೆ ನೀರಿನ ಮೇಲೆ ಸುಳ್ಳು ಅಪವಾದ ಬರುತ್ತೆ."

ಆ ದಿನವೇ ಪ್ರೂಫ್ ಮಾಮ ಕತೆ ಬರೆಯುವುದನ್ನು ಬಿಟ್ಟರು. ಆ ಹೆಸರಿನ ಒಳಗೆ ಯಜಮಾನರು ಇನ್ನೊಬ್ಬರನ್ನು ಕೂರಿಸಿದರು.

ನೀರು ಹೊರುವ ಸ್ನೇಹ ಬೆಳೆಯಿತು. ಬಾಟಲಿಗೆ ಎರಡು ಹನಿ ಔಷಧ ಬಿಟ್ಟು, ಕ್ಲೋರಿನ್ ಇದ್ದರೆ ನೀರು ಹಳದಿಗೆ ತಿರುಗುವುದನ್ನು ಇಬ್ಬರೂ ನೋಡಿ, ಲೆಕ್ಕದ ಪುಸ್ತಕದಲ್ಲಿ ಗುರುತು ಹಾಕಿ, ಚಹಾ ಕುಡಿಯುವುದು. ನೀರಿನವರಿಗೆ ನಿವೃತ್ತಿಯಾದರೂ ಅದು ನಿಲ್ಲಲಿಲ್ಲ. "ನಿಮ್ಮಂಥ ಮನುಷ್ಯ ಈ ಬೀದೀಲಿ ಒಬ್ರೇ," ಎನ್ನುತ್ತಿದ್ದರು ಅವರ ಹೆಂಡತಿ, ಚಹಾ ಇಡುತ್ತ. ಆ ಮಾತು ಬಂದ ದಿನ ಪ್ರೂಫ್ ಮಾಮ ಅರ್ಧ ಚಹಾ ಬಿಟ್ಟೇ ಎದ್ದುಬರುತ್ತಿದ್ದರಂತೆ.

ಮನೆಯಲ್ಲಿ ಅಕ್ಕನದು ಇನ್ನೊಂದು ರಾಗ. "ಆ ಗ್ಲೌಸಿಗೆ ನೀರು ಹೊರೋದು ಯಾವ ಕರ್ಮವೋ ನಿಂಗೆ? ನನ್ನ ಹೊಟ್ಟೆ ಹಾಳು ಮಾಡ್ದೋನು ಅವನು."

"ಅವರಲ್ಲ ಅಕ್ಕ."

"ಮತ್ತೆ ಯಾರು, ನೀನಾ?"

ಪ್ರೂಫ್ ಮಾಮ ಅಕ್ಕನ ತಟ್ಟೆ ಎತ್ತಿಕೊಂಡು ತೊಳೆಯಲು ಹೋಗುತ್ತಿದ್ದರು.

ಕಳೆದ ವರ್ಷ ಯಜಮಾನರ ಮೊಮ್ಮಗ ಹಳೆಯ ಪುಸ್ತಕಗಳನ್ನು ಹೊಳೆಯುವ ಮುಖಪುಟ ಹಾಕಿ ಮತ್ತೆ ತಂದ. ಆ ಪುಸ್ತಕದ ಮೇಲೆ ದೊಡ್ಡದಾಗಿ ಒಂದು ಬಿಳಿ ಗ್ಲೌಸು, ಒಂದು ಬಾಟಲಿ. ಒಂದು ಬೆಳಿಗ್ಗೆ ಪ್ರೂಫ್ ಮಾಮ ಬಾಟಲಿ ಹಿಡಿದು ಹೋದಾಗ ಅದು ಮೂರನೇ ಮಹಡಿಯ ಮೇಜಿನ ಮೇಲಿತ್ತು.

"ಮೊಮ್ಮಗಳ ಕ್ಲಾಸಲ್ಲಿ ಯಾರೋ ತಂದಿದ್ರಂತೆ," ಎಂದರು ನೀರಿನವರು. "ತಾತ, ಇದು ನೀನಾ ಅಂತ ಕೇಳ್ತು ಮಗು. ಈ ವಯಸ್ಸಲ್ಲಿ ಮೊದಲನೇ ಸಲ ಓದ್ದೆ." ಪುಟ ತಿರುಗಿಸಿದರು. "ಈ ಬಿರಡೆ ವಿಷಯ ನೋಡಿ. ಇದು ಊಹೆ ಮಾಡಿ ಬರೆದದ್ದಲ್ಲ. ನನ್ನನ್ನ ನೋಡ್ತಾ ಕೂತು ಬರೆದದ್ದು. ನೀವು ಆ ಪ್ರೆಸ್ಸಲ್ಲೇ ಇದ್ರಲ್ಲ. ಯಾರು ಬರೆದದ್ದು ಇದನ್ನ?"

"ಗೊತ್ತಿಲ್ಲ," ಎಂದರು ಪ್ರೂಫ್ ಮಾಮ.

"ಬದುಕಿದ್ರೆ ಅವನನ್ನ ಒಂದೇ ಒಂದು ಕೇಳ್ಬೇಕು. ನಾನು ನಿಂಗೇನು ಮಾಡಿದ್ದೆ ಅಂತ."

ಮೂರು ದಿನ ಪ್ರೂಫ್ ಮಾಮ ಎಂದಿನಂತೆ ಬಾಟಲಿ ತಂದರು, ಚಹಾ ಕುಡಿದರು. ನಾಲ್ಕನೆಯ ದಿನ ಬಾಟಲಿ ಮೇಜಿನ ಮೇಲಿಟ್ಟು, ಕೂರದೆ, ನಿಂತೇ ಹೇಳಿದರು.

"ಅದನ್ನ ಬರೆದೋನು ನಾನೇ."

ನೀರಿನವರ ಕೈಯಲ್ಲಿ ಔಷಧದ ಸೀಸೆ ಇತ್ತು. ಅದನ್ನು ನಿಧಾನವಾಗಿ ಕೆಳಗಿಟ್ಟರು. "ನಾನೇನು ಮಾಡಿದ್ದೆ ನಿಮಗೆ?"

"ಏನೂ ಮಾಡಿರ್ಲಿಲ್ಲ. ಮೂರು ಪುಟ ಖಾಲಿ ಇತ್ತು."

ದ್ವೇಷ ಎಂದಿದ್ದರೆ ಆ ಮುಖ ಅಷ್ಟು ಬಾಡುತ್ತಿರಲಿಲ್ಲವೇನೋ ಎಂದರು ಪ್ರೂಫ್ ಮಾಮ ನನ್ನ ಹತ್ತಿರ. ನೀರಿನವರು ಬಯ್ಯಲಿಲ್ಲ. ಕೈ ಕೆನ್ನೆಯ ಗಾಯದ ಗುರುತಿಗೆ ಹೋಯಿತು. ಎರಡು ಹನಿ ಔಷಧ ಬಿಟ್ಟರು, ನೀರು ಹಳದಿಯಾದದ್ದನ್ನು ನೋಡಿದರು, ಬರೆದುಕೊಂಡರು. ಆಮೇಲೆ ಎದ್ದು ಬಾಗಿಲು ತೆರೆದು ಹಿಡಿದರು.

ಮಾರನೆಯ ಬೆಳಿಗ್ಗೆ ಬಾಗಿಲು ತೆರೆಯಲಿಲ್ಲ. ತೊಳೆದ ಖಾಲಿ ಬಾಟಲಿ ಮಾತ್ರ ಹೊಸ್ತಿಲ ಹೊರಗಿತ್ತು. ಪ್ರೂಫ್ ಮಾಮ ತುಂಬಿದ್ದನ್ನು ಇಟ್ಟು, ಖಾಲಿಯದನ್ನು ತೆಗೆದುಕೊಂಡು ಇಳಿದರು. ಆರು ದಿನ ಹೀಗೇ ನಡೆಯಿತು. ಆ ಆರು ದಿನ ನಲ್ಲಿಯ ಹತ್ತಿರ ಅವರ ಮುಖ ನೋಡಲಾಗುತ್ತಿರಲಿಲ್ಲ. "ಏನ್ ಪ್ರೂಫ್ ಮಾಮ, ಸೊರಗೋಗಿದೀರ, ಅಕ್ಕ ಊಟ ಹಾಕ್ಲಿಲ್ವಾ?" ಎಂದು ಕೇಳಿದರೆ ನಲ್ಲಿಯ ಬಾಯನ್ನು ಎರಡೆರಡು ಸಲ ಒರೆಸುತ್ತಿದ್ದರು.

ಏಳನೆಯ ದಿನ ಬಾಗಿಲು ತೆರೆದಿತ್ತು.

"ಬನ್ನಿ," ಎಂದರು ನೀರಿನವರು. ಹೆಂಡತಿ ಮನೆಯಲ್ಲಿರಲಿಲ್ಲ. ಚಹಾ ಇರಲಿಲ್ಲ. "ಈ ಇಪ್ಪತ್ಮೂರು ವರ್ಷ ನೀವು ನೀರು ತಂದದ್ದು ನನ್ನ ಮೇಲಿನ ವಿಶ್ವಾಸಕ್ಕೆ ಅಂದ್ಕೊಂಡಿದ್ದೆ."

"ಮೊದಲು ಹೆದರಿಕೆಗೆ ತಂದೆ. ಆಮೇಲೆ ವಿಶ್ವಾಸವೂ ಇತ್ತು. ಎರಡನ್ನೂ ಬೇರೆ ಮಾಡಿ ತೋರ್ಸೋಕೆ ನಂಗೆ ಬರಲ್ಲ."

"ಇಸ್ತ್ರಿಯವನ ತಾಯಿ..."

"ದಿನಾ ನೆನಪಾಗ್ತಾರೆ."

ಕೆಳಗೆ ನಲ್ಲಿಯ ಹತ್ತಿರ ಕೊಡಗಳ ಸದ್ದು. ನೀರಿನವರು ಎಡಗೈಯ ಗ್ಲೌಸನ್ನು ಎಳೆದು ಸರಿಮಾಡಿಕೊಂಡು ಹೇಳಿದರು:

"ನೋಡಿ, ನಿಮ್ಮನ್ನ ಕ್ಷಮಿಸೋಕಾಗುತ್ತೋ ಇಲ್ವೋ ನಂಗೇ ಗೊತ್ತಿಲ್ಲ. ದೇವರು ಬುದ್ಧಿ ಕೊಟ್ಟ ದಿನ ನೋಡೋಣ. ಆದ್ರೆ ಒಂದು ಉಪಕಾರ ಮಾಡ್ತೀನಿ. ಇದನ್ನ ಯಾರಿಗೂ ಹೇಳಲ್ಲ. ನನ್ನ ಹೆಂಡ್ತಿಗೆ ಹೇಳಿಲ್ಲ, ಮೊಮ್ಮಗಳಿಗೆ ಹೇಳಲ್ಲ. ನಿಮ್ಮಕ್ಕನ ಕಿವಿಗಂತೂ ಬೀಳಲ್ಲ. ಎಪ್ಪತ್ತು ದಾಟಿದೆ ನಿಮಗೆ. ಈ ಬೀದಿಯವರ ಬಾಯಿ ಹೇಗೆ ಅಂತ ನಂಗಿಂತ ಚೆನ್ನಾಗಿ ಯಾರಿಗ್ಗೊತ್ತು? ನಿಮಗ್ಯಾಕೆ ಅದು. ನಮ್ಮಿಬ್ಬರಲ್ಲೇ ಇರ್ಲಿ."

ಪ್ರೂಫ್ ಮಾಮನಿಗೆ ಅಕ್ಕನ ಸಪ್ಪೆ ಊಟದ ತಟ್ಟೆ ಕಣ್ಣ ಮುಂದೆ ಬಂತು. ಅಕ್ಕ ಕೇಳುವ "ಮತ್ತೆ ಯಾರು, ನೀನಾ?" ಎಂಬುದೂ ಕಿವಿಗೆ ಬಂತು. ಹೂಂ ಎಂದರೆ ಸಾಕು, ಉಳಿದ ದಿನಗಳು ಇದ್ದಂತೆಯೇ ಸಾಗಿಹೋಗುತ್ತಿದ್ದವು. ಪರೀಕ್ಷೆಗೆಂದು ತೆಗೆದ ಬಿರಡೆ ಇನ್ನೂ ಅವರ ಎರಡು ಬೆರಳ ನಡುವೆಯೇ ಇತ್ತು. ಅದನ್ನು ಬಾಟಲಿಗೆ ಹಾಕಿ, ಒತ್ತಿ ಮುಚ್ಚಿದರು.

"ಬೇಡ," ಎಂದರು. "ಆ ಉಪಕಾರ ಮಾತ್ರ ಬೇಡ. ಮೊಮ್ಮಗಳಿಗೆ ನೀವು ಹೇಳಿ. ಅಕ್ಕನಿಗೆ ನಾನು ಈಗ ಹೋಗಿ ಹೇಳ್ತೀನಿ. ನಾಳೆ ಆರೂ ಕಾಲಿಗೆ ನಲ್ಲಿ ಹತ್ರ ಎಲ್ಲ ಇರ್ತಾರೆ. ನೀರು ತುಂಬ್ಕೊಳ್ಳೋಕೆ ಮುಂಚೆ ಅವರಿಗೂ ಹೇಳ್ತೀನಿ."