ಹಿಮ ಕಾಣದ ಇಸ್ತ್ರಿಪೆಟ್ಟಿಗೆ

ತ್ಯಾಗರಾಜನಗರದ ಒಂದು ಅಡ್ಡರಸ್ತೆಯಲ್ಲಿ, ಹೊಂಗೆಮರದ ಕೆಳಗೆ ಮುನಿಸ್ವಾಮಿಯ ಇಸ್ತ್ರಿ ಗಾಡಿ ನಿಂತು ಮೂವತ್ತೊಂದು ವರ್ಷವಾಯಿತು. ಸುತ್ತಲಿನ ನಾಲ್ಕು ಬೀದಿಯ ಅಂಗಿ, ಪಂಚೆ, ಸೀರೆಗಳೆಲ್ಲ ಅವನ ಕೈಯಲ್ಲಿ ಹಾದುಹೋಗಿವೆ. ಯಾರು ದಪ್ಪಗಾದರು, ಯಾರ ಮಗನಿಗೆ ಕೆಲಸ ಸಿಕ್ಕಿತು, ಯಾರ ಮನೆಗೆ ಹೊಸ ಸೊಸೆ ಬಂದಳು ಎಂಬುದೆಲ್ಲ ಬಟ್ಟೆಗಂಟು ಬಿಚ್ಚಿದ ಕೂಡಲೇ ಅವನಿಗೆ ತಿಳಿಯುತ್ತಿತ್ತು. ಆದರೆ ಮುನಿಸ್ವಾಮಿಗೆ ಏನು ಬೇಕು ಅಂತ ಒಬ್ಬರಾದರೂ ಕೇಳಿದ್ದುಂಟೇ? ಕೇಳಿದ್ದರೆ ಹೇಳುತ್ತಿದ್ದ, ಮುಚ್ಚುಮರೆಯ ಮನುಷ್ಯನಲ್ಲ ಅವನು. ಸಾಯುವುದರೊಳಗೆ ಒಂದು ಸಲ ಹಿಮದೊಳಗೆ ಕೈ ಇಡಬೇಕು, ಅಷ್ಟೇ.

ನಗಬೇಡಿ. ಹದಿನಾಲ್ಕನೇ ವಯಸ್ಸಿನಿಂದ ಕೆಂಡದ ಮುಂದೆ ನಿಂತವನ ಆಸೆ ಅದು. ಏಪ್ರಿಲ್ ತಿಂಗಳಲ್ಲಿ ನಾವು ಫ್ಯಾನಿನ ಕೆಳಗೆ ಕೂತು ‘ಉಸ್ಸಪ್ಪಾ’ ಅನ್ನುವ ಹೊತ್ತಿಗೆ ಅವನು ಹಿತ್ತಾಳೆ ಪೆಟ್ಟಿಗೆಗೆ ಇದ್ದಿಲು ತುಂಬಿ ಬೀಸಣಿಗೆ ಬೀಸುತ್ತಿರುತ್ತಾನೆ. ಅವನ ಬಲಗೈ ಬೆರಳ ತುದಿಗಳು ಸುಟ್ಟು ಸುಟ್ಟು ಗಟ್ಟಿಯಾಗಿ, ಬಿಸಿ ಯಾವುದು ತಂಪು ಯಾವುದು ಎಂಬ ಭೇದವನ್ನೇ ಬಿಟ್ಟುಬಿಟ್ಟಿವೆ. ಹಿಮ ಮುಟ್ಟಿದರಾದರೂ ಅವಕ್ಕೆ ತಿಳಿದೀತೇ ಅಂತ ಅವನಿಗೊಂದು ಕುತೂಹಲ.

ಈ ಹುಚ್ಚು ಹತ್ತಿಸಿದವರು ಎದುರುಮನೆಯ ಸಂಕರ್ಷಣ ಮೇಷ್ಟ್ರು. ಬಸವನಗುಡಿಯ ಒಂದು ಕಾಲೇಜಿನಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದು ನಿವೃತ್ತರಾದವರು. ಹರೆಯದಲ್ಲಿ ಹಿಮಾಚಲಕ್ಕೆ ಹೋಗಿ ಹಿಮದ ಮೇಲೆ ಜಾರುವ ಸ್ಕೀ ಆಟ ಕಲಿತು ಬಂದಿದ್ದರು. ಕಲಿತವರು ಸುಮ್ಮನಿರಬೇಕೋ ಬೇಡವೋ? ‘ಗಿರಿಬಳಗ’ ಅಂತ ಒಂದು ಕ್ಲಬ್ಬು ಕಟ್ಟಿ ಬೆಂಗಳೂರಿನ ಮಕ್ಕಳಿಗೆ ಕಲಿಸಲು ಹೊರಟರು. ಭಾನುವಾರ ಬೆಳಗಾಗುತ್ತಲೇ ಬ್ಯೂಗಲ್ ರಾಕ್ ಪಕ್ಕದ ಇಳಿಜಾರಿನಲ್ಲಿ ಸಿಮೆಂಟು ತುಂಬಿದ ಪೇಂಟ್ ಡಬ್ಬಗಳಿಗೆ ಪ್ಲಾಸ್ಟಿಕ್ ಪೈಪು ನೆಟ್ಟು ಸಾಲಾಗಿ ನಿಲ್ಲಿಸುವುದು, ಗಾಲಿ ಬೂಟು ತೊಟ್ಟ ಮಕ್ಕಳು ಅವುಗಳ ನಡುವೆ ಹಾವಿನಂತೆ ಬಳುಕುತ್ತ ಇಳಿಯುವುದು. ವಾಕಿಂಗ್ ಬಂದ ಹಿರಿಯರು ಬೈಯುವರು. ಬೆಂಗಳೂರಲ್ಲಿ ಹಿಮ ಎಲ್ಲಿದೆ ಸ್ವಾಮಿ ಅಂದರೆ, ಹಿಮ ಅಲ್ಲಿರುತ್ತೆ, ತಿರುವು ಇಲ್ಲೇ ಕಲೀಬಹುದು ಅನ್ನುವರು ಮೇಷ್ಟ್ರು. ಫೆಬ್ರವರಿ ಬಂತೆಂದರೆ ಐದಾರು ಮಕ್ಕಳನ್ನು ಕಟ್ಟಿಕೊಂಡು ರೈಲು ಹತ್ತಿ, ಮನಾಲಿಗಿಂತ ಮೇಲಿನ ಒಂದು ಊರಿಗೆ ಹೊರಡುವರು. ಅಲ್ಲಿಯ ಪರ್ವತ ಕ್ಲಬ್ಬಿನವರು ನಡೆಸುವ ಎಳೆಯರ ಪಂದ್ಯದಲ್ಲಿ ನಮ್ಮ ಮಕ್ಕಳದು ಯಾವಾಗಲೂ ಕೊನೆಯ ಕಡೆಯ ಜಾಗ. ಆದರೂ ಹೋಗುವುದು ಬಿಡಲಿಲ್ಲ.

ಸ್ಕೀ ಅಂದರೆ ಕಾಲಿಗೆ ಕಟ್ಟುವ ಎರಡು ಉದ್ದನೆಯ ಹಲಗೆ. ಅವುಗಳ ತಳಕ್ಕೆ ಮೇಣ ಕರಗಿಸಿ, ಬಿಸಿ ಇಸ್ತ್ರಿಯಿಂದ ಉಜ್ಜಿ ಕುಡಿಸಬೇಕು. ಮೇಷ್ಟ್ರು ಮೊದಮೊದಲು ಮನೆಯ ಇಸ್ತ್ರಿಪೆಟ್ಟಿಗೆಯಲ್ಲೇ ಮಾಡುತ್ತಿದ್ದರು. ಅದೇ ಪೆಟ್ಟಿಗೆಯನ್ನು ಅವರ ಹೆಂಡತಿ ಪ್ರಿಯಂವದಾ ತಮ್ಮ ರೇಷ್ಮೆ ರವಿಕೆಯ ಮೇಲೆ ಇಟ್ಟ ದಿನ ಆ ಮನೆಯಲ್ಲಿ ನಡೆದ ಕುರುಕ್ಷೇತ್ರ ಬೀದಿಗೆಲ್ಲ ಕೇಳಿಸಿತು. ಮಾರನೆಯ ಬೆಳಗ್ಗೆ ಮೇಷ್ಟ್ರು ಹಲಗೆಗಳನ್ನು ಹೆಗಲ ಮೇಲೆ ಹೊತ್ತುಕೊಂಡು ಮುನಿಸ್ವಾಮಿಯ ಗಾಡಿಯ ಮುಂದೆ ನಿಂತರು.

ಮುನಿಸ್ವಾಮಿ ಹಳೆಯ ಪೆಟ್ಟಿಗೆಯೊಂದನ್ನು ಅದಕ್ಕೇ ಮೀಸಲಿಟ್ಟ. ಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ಹಿಡಿದು ಶಾಖ ಅಳೆಯುವನು. ಮೇಣ ಹೊಗೆಯಾಡಬಾರದು, ಕರಗಬೇಕು. ಒಂದೇ ವರ್ಷದಲ್ಲಿ ಮೇಷ್ಟ್ರಿಗಿಂತ ಅವನ ಕೈಯೇ ಪಳಗಿತು. ಒಂದು ಮಾತು ಮಾತ್ರ ಅವನಿಗೆ ಎಂದೂ ಒಪ್ಪಿಗೆಯಾಗಲಿಲ್ಲ. ಮೇಣ ಕುಡಿಸಿ ಆರಿದ ಮೇಲೆ ಅದನ್ನು ಪೂರ್ತಿ ಕೆರೆದು ತೆಗೆಯಬೇಕಂತೆ. ಹಲಗೆಯೊಳಗೆ ಇಳಿದದ್ದೇ ಸಾಕಂತೆ, ಮೇಲೆ ಉಳಿದದ್ದು ಹಿಮವನ್ನು ಹಿಡಿದುಕೊಳ್ಳುತ್ತದಂತೆ. ಹಾಕಿದ್ದನ್ನೆಲ್ಲ ತೆಗೆಯುವುದಾದರೆ ಹಾಕುವುದೇಕೆ? ಗಂಜಿ ಹಾಕಿದ ಪಂಚೆಯನ್ನು ಯಾರಾದರೂ ಮತ್ತೆ ನೀರಿಗೆ ಅದ್ದುತ್ತಾರೆಯೇ? ಹೀಗೆ ಗೊಣಗುತ್ತಲೇ ಪ್ರತಿ ವರ್ಷವೂ ನಿಯತ್ತಾಗಿ ಕೆರೆಯುತ್ತಿದ್ದ.

ಆ ಮಕ್ಕಳಲ್ಲಿ ಐಶ್ವರ್ಯ ಅಂದರೆ ಅವನಿಗೆ ಪ್ರಾಣ. ಚಾಮರಾಜಪೇಟೆಯ ಹುಡುಗಿ. ಪೇಟೆಯಲ್ಲಿ ಕಾಳಿನ ಮಂಡಿ ಇಟ್ಟವರ ಮನೆತನ. ಅಜ್ಜಿ ಶೈಲಜಮ್ಮನವರೇ ಆಟೋದಲ್ಲಿ ಕರೆತಂದು, ಅಭ್ಯಾಸ ಮುಗಿಯುವವರೆಗೆ ವಿಭೂತಿ ಹಣೆಗೆ ಸೆರಗು ಅಡ್ಡ ಹಿಡಿದು ಬಿಸಿಲಲ್ಲಿ ಕೂತಿರುವರು. ಮಗು ಹತ್ತು ವರ್ಷದವಳಿದ್ದಾಗ ಮೊದಲ ಸಲ ಹಿಮಾಚಲಕ್ಕೆ ಹೋಗಿ, ಅಜ್ಜಿಯ ಕಾಫಿ ಫ್ಲಾಸ್ಕಿನ ತುಂಬ ಹಿಮ ತುಂಬಿಕೊಂಡು ಬಂದಿದ್ದಳು, ಇಸ್ತ್ರಿ ತಾತನಿಗೆ ಅಂತ. ಮೂರು ದಿನದ ಪ್ರಯಾಣ. ಗಾಡಿಯ ಮುಂದೆ ಮುಚ್ಚಳ ತೆಗೆದರೆ ಒಳಗೆ ಬರೀ ನೀರು. ಮಗುವಿನ ಮುಖ ಸಪ್ಪಗಾದದ್ದು ಕಂಡು ಮುನಿಸ್ವಾಮಿ ಆ ನೀರನ್ನು ಬಾಟಲಿಗೆ ಬಗ್ಗಿಸಿಕೊಂಡು ಮನೆಗೆ ಒಯ್ದು ದೇವರ ಗೂಡಿನಲ್ಲಿಟ್ಟ. ಗಂಗೆಯೆಂದೇ ತಿಳಿದು ಅವನ ಹೆಂಡತಿ ಅದನ್ನು ತುಳಸಿಗಿಡಕ್ಕೆ ಹೊಯ್ದುಬಿಟ್ಟಳು. ಅವನು ಎರಡು ದಿನ ಆಕೆಯೊಂದಿಗೆ ಮಾತಾಡಲಿಲ್ಲ.

ಮೇಷ್ಟ್ರು ಪ್ರತಿ ವರ್ಷವೂ ನೀನೂ ಬಾರಪ್ಪ ಅನ್ನುವರು. ಅವನು ಹೋಗಲಾರ. ರೈಲಿನ ಖರ್ಚಿಗೇ ಕೈಯಲ್ಲಿ ಕಾಸಿಲ್ಲ, ಮೇಲಾಗಿ ಹದಿನೈದು ದಿನ ಗಾಡಿ ಕಾಣದಿದ್ದರೆ ಮರದ ನೆರಳು ಇನ್ನೊಬ್ಬನ ಪಾಲು. ಫುಟ್‌ಪಾತಿನ ಜಾಗಕ್ಕೆ ಕಾಗದ ಪತ್ರ ಎಲ್ಲಿದೆ? ನಿಂತವನದೇ ಜಾಗ.

ಈ ವರ್ಷ ಮಾತ್ರ ದೇವರು ಕಣ್ಣು ಬಿಟ್ಟ ಹಾಗೆ ಕಂಡಿತು. ಐಶ್ವರ್ಯಳಿಗೆ ಹದಿನೈದು, ಹದಿನಾರರೊಳಗಿನವರ ಪಂದ್ಯಕ್ಕೆ ಇದೇ ಕೊನೆಯ ವರ್ಷ. ಹುಡುಗಿ ಗಾಳಿಯಂತಾಗಿದ್ದಳು. ಮೊದಲ ಮೂರರೊಳಗೆ ಬಂದವರನ್ನು ಮಾರ್ಚಿನಲ್ಲಿ ಅಲ್ಲೇ ದೊಡ್ಡ ತರಬೇತಿ ಶಿಬಿರಕ್ಕೆ ಕರೆಯುವರು, ಜೊತೆಗೆ ಮೇಣ ಹಾಕಲು ಒಬ್ಬನನ್ನು ಕ್ಲಬ್ಬಿನಿಂದ ತರಬಹುದು, ಅವನ ಖರ್ಚೂ ಶಿಬಿರದವರದೇ. ಜಾಗದ ಚಿಂತೆಯನ್ನು ಶೈಲಜಮ್ಮನವರೇ ನೀಗಿಸಿದರು.

“ಗಾಡಿ ಪಕ್ಕ ನಾನು ಕುರ್ಚಿ ಹಾಕ್ಕೊಂಡ್ ಕೂತ್ಕೋತೀನಿ ಮುನಿಸಾಮಿ. ಯಾವನ್ ಬರ್ತಾನೋ ಬರ್ಲಿ, ನೋಡ್ಕೋತೀನಿ. ನೀನು ಹೋಗಿ ಹಿಮ ನೋಡ್ಕೊಂಡ್ ಬಾ.”

ಅಂದಿನಿಂದ ಮುನಿಸ್ವಾಮಿಗೆ ಊಟ ಸೇರಲಿಲ್ಲ. ಯಾರೋ ಕೊಟ್ಟ ಹಳೆಯ ಉಣ್ಣೆ ಸ್ವೆಟರನ್ನು ತೊಳೆದು, ಹೊಲಿದು, ಇಸ್ತ್ರಿ ಮಾಡಿ ಮಡಿಸಿಟ್ಟುಕೊಂಡ. ದಿನಕ್ಕೊಮ್ಮೆ ಬಿಚ್ಚಿ ನೋಡುವನು, ಮತ್ತೆ ಮಡಿಸುವನು.

ಮಕ್ಕಳು ಪಂದ್ಯಕ್ಕೆ ಹೊರಡುವ ಹಿಂದಿನ ದಿನ ಆರು ಜೊತೆ ಹಲಗೆಗಳು ಬಂದವು. ಐದನ್ನು ಎಂದಿನಂತೆ ಕೆರೆದು ಮುಗಿಸಿದ. ಕೊನೆಯದು ಐಶ್ವರ್ಯಳ ಜೋಡಿ, ಪಂದ್ಯದ ದಿನಕ್ಕೆಂದೇ ಚೀಲದಲ್ಲಿ ಕಟ್ಟಿಡುವಂಥದ್ದು. ನೇರಳೆ ಬಣ್ಣದ ಮೇಣ ಕುಡಿಸಿದ, ಆರಿಸಿದ, ಕೆರೆಯಲು ಕೈ ಎತ್ತಿದ. ಎತ್ತಿದ ಕೈ ನಿಂತಿತು. ನಮ್ಮ ಮನೆಯ ಮಗುವಿಗೆ ಊಟಕ್ಕೆ ಬಡಿಸುವಾಗ ತುಪ್ಪ ಒಂದು ಚಮಚ ಹೆಚ್ಚು ಬೀಳುವುದಿಲ್ಲವೇ? ಹಾಗೇ ಆಯಿತು. ಮೇಲೆ ಮೇಲೆ ಎರಡು ಸಲ ಕೆರೆದು, ತೆಳ್ಳಗೆ ಒಂದು ಪದರ ಉಳಿಸಿ, ಮಲ್ಲು ಬಟ್ಟೆಯಿಂದ ತಿಕ್ಕಿ ತಿಕ್ಕಿ ಫಳಫಳ ಹೊಳೆಸಿದ. ಮೂವತ್ತೊಂದು ವರ್ಷದ ಕೈ. ಮೇಷ್ಟ್ರ ಕಣ್ಣಿಗೂ ಗೊತ್ತಾಗಲಿಲ್ಲ. ಚೀಲದ ಬಾಯಿ ಕಟ್ಟಿ, ಕಣ್ಣಿಗೊತ್ತಿಕೊಂಡು ಕೊಟ್ಟ.

ಪಂದ್ಯದ ದಿನ ಬೆಳಗ್ಗೆ ಶೈಲಜಮ್ಮನವರು ಮಡಿಸುವ ಕುರ್ಚಿಯ ಸಮೇತ ಆಟೋದಿಂದ ಇಳಿದರು. ನೋಡುವುದಾದರೆ ಇಬ್ಬರೂ ಒಟ್ಟಿಗೇ ನೋಡೋಣ ಅಂತ. ಇಸ್ತ್ರಿಗೆ ಬಂದ ಬಟ್ಟೆಯ ರಾಶಿಗೆ ಫೋನು ಒರಗಿಸಿ ಇಟ್ಟರು. ಅತ್ತ ಇಳಿಜಾರಿನ ಬುಡದಲ್ಲಿ ಮೇಷ್ಟ್ರು ತಮ್ಮ ಫೋನು ಹಿಡಿದು ನಿಂತಿದ್ದರು. ಪರದೆಯ ತುಂಬ ಬಿಳುಪು. ಮುನಿಸ್ವಾಮಿ ಕೈಯಲ್ಲಿದ್ದ ಅಂಗಿಯನ್ನು ಮರೆತು ಅದನ್ನೇ ನೋಡಿದ. ಇಷ್ಟೊಂದು ಹಿಮ ಅಲ್ಲಿ ಸುಮ್ಮನೆ ಬಿದ್ದಿದೆಯಲ್ಲ, ನನಗೆ ಒಂದು ಹಿಡಿ ಸಾಕಿತ್ತು ಅಂದುಕೊಂಡ.

ಎರಡು ಸಲ ಇಳಿಯಬೇಕು, ಎರಡರ ಹೊತ್ತನ್ನೂ ಕೂಡಿ ಲೆಕ್ಕ. ಐಶ್ವರ್ಯ ಮೊದಲ ಸಲ ಮೇಲಿನಿಂದ ಬಂದದ್ದು ನೋಡಿದರೆ ಮೈ ಜುಮ್ಮೆನ್ನಬೇಕು. ಒಂದು ಕಂಬಕ್ಕೂ ತಾಗಲಿಲ್ಲ. ಆದರೆ ಕೆಳಗೆ ನೆಲ ಸಪಾಟಾಗುವ ಕಡೆ ಯಾರೋ ಹಿಂದಿನಿಂದ ಲಂಗ ಹಿಡಿದು ಎಳೆದಂತೆ ಅವಳ ವೇಗ ಇಂಗಿಹೋಯಿತು. ಏಳನೇ ಸ್ಥಾನ. ಆಮೇಲೆ ಇಳಿದ ಗಿರಿಬಳಗದ್ದೇ ಇನ್ನೊಬ್ಬ ಹುಡುಗಿ, ಐಶ್ವರ್ಯಳ ಅರ್ಧದಷ್ಟೂ ಬಾರದವಳು, ಅದೇ ಸಪಾಟು ಜಾಗದಲ್ಲಿ ನೀರಿನ ಮೇಲೆ ಹೋದಂತೆ ಹೋದಳು. ಮೇಷ್ಟ್ರು ಫೋನಿನಲ್ಲಿ, ಕೆಳಗಡೆ ಹಿಮ ಕೈ ಕೊಡ್ತಿದೆ ಶೈಲಜಮ್ಮ, ನಮ್ಮ ನಸೀಬು ಅಂದರು.

ಮುನಿಸ್ವಾಮಿಗೆ ಗೊತ್ತಾಗಿಹೋಯಿತು. ಸುಮ್ಮನಿದ್ದಿದ್ದರೆ ಲೋಕದಲ್ಲಿ ಒಬ್ಬರಿಗೂ ತಿಳಿಯುತ್ತಿರಲಿಲ್ಲ, ತಪ್ಪೆಲ್ಲ ಹಿಮದ ಲೆಕ್ಕಕ್ಕೆ ಹೋಗುತ್ತಿತ್ತು. ಪಕ್ಕದಲ್ಲಿ ಅಜ್ಜಿ ಕೂತಿದ್ದಾರೆ. ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಫೋನಿನ ಮುಂದೆ ಬಗ್ಗಿದ.

“ಮೇಷ್ಟ್ರೇ, ಹಿಮದ್ದಲ್ಲ, ನಂದು ತಪ್ಪು. ಅಮ್ಮಣ್ಣಿ ಹಲಗೆನ ನಾನು ಪೂರ್ತಿ ಕೆರೀಲಿಲ್ಲ. ತುಪ್ಪ ಜಾಸ್ತಿ ಬಡಿಸ್ದಂಗೆ ಒಂದ್ ಪದರ ಹಂಗೇ ಬಿಟ್ಟಿದೀನಿ.”

ಮೇಷ್ಟ್ರು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. ಎಷ್ಟು ಕೆರೀಬೇಕು ಈಗ, ಅಂತ ಕೇಳಿದರು.

“ಎಲ್ಲಾನೂ. ಕೈಗೆ ಏನೂ ಸಿಗ್ಬಾರ್ದು, ಕಣ್ಣಿಗೆ ಏನೂ ಕಾಣ್ಬಾರ್ದು. ಅಲ್ಲೀವರ್ಗೂ ಕೆರೀರಿ ಮೇಷ್ಟ್ರೇ.”

ಕೆರೆಯುವ ಪಟ್ಟಿ ಅವರು ತಂಗಿದ್ದ ಕೋಣೆಯಲ್ಲೇ ಉಳಿದಿತ್ತು. ಐಶ್ವರ್ಯ ಕಂಪಾಸ್ ಬಾಕ್ಸಿನ ಪ್ಲಾಸ್ಟಿಕ್ ಸ್ಕೇಲು ತೆಗೆದುಕೊಂಡು, ಹಿಮದ ಮೇಲೆ ಮಂಡಿಯೂರಿ ತಾನೇ ಕೆರೆದಳಂತೆ. ಎರಡನೇ ಸಲ ಅವಳು ಇಳಿದದ್ದನ್ನು ಹೇಗೆ ಹೇಳಲಿ? ಆ ಸಲ ಎಲ್ಲರಿಗಿಂತ ಮೊದಲು ಅವಳೇ. ಶೈಲಜಮ್ಮನವರು ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದರು. ಎರಡೂ ಕೂಡಿದಾಗ ನಾಲ್ಕನೇ ಸ್ಥಾನ. ಮೂರನೆಯವಳಿಗೂ ಇವಳಿಗೂ ನಡುವೆ ಕಾಲು ಸೆಕೆಂಡೂ ಇರಲಿಲ್ಲ.

ಫೋನು ಆರಿತು. ಶೈಲಜಮ್ಮನವರು ಕುರ್ಚಿ ಮಡಿಸಿದರು. ಆಟೋ ಹತ್ತುವಾಗ ಮಾತ್ರ ತಿರುಗಿ ನೋಡಿ, ಮೊಮ್ಮಗಳಿಗೆ ನಾನೂ ತುಪ್ಪ ಜಾಸ್ತೀನೇ ಬಡಿಸಿ ಬೆಳೆಸಿದೀನಪ್ಪ, ಪಂದ್ಯದ ದಿನ ಬಡಿಸಲಿಲ್ಲ ಅಷ್ಟೇ, ಅಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಅದಕ್ಕೇ ಹೆಚ್ಚು ನೋಯಿತು.

ಹತ್ತು ದಿನ ಕಳೆದು ಒಂದು ಭಾನುವಾರ ಐಶ್ವರ್ಯ ಬಂದಳು, ಹೆಗಲ ಮೇಲೆ ಅದೇ ಹಲಗೆಗಳು. ಹಿಮದ ಬಿಸಿಲಿಗೆ ಮೂಗು ಕಪ್ಪಾಗಿ ಸಿಪ್ಪೆ ಏಳುತ್ತಿತ್ತು. ಋತು ಮುಗಿದ ಮೇಲೆ ಹಲಗೆ ಎತ್ತಿಡುವಾಗ ದಪ್ಪಗೆ ಮೇಣ ಬಳಿದು ಕೆರೆಯದೆ ಬಿಡುವುದು ವಾಡಿಕೆ, ತಳ ಒಣಗಬಾರದು ಅಂತ.

“ಈಗ ಎಷ್ಟ್ ಬೇಕಾದ್ರೂ ಹಾಕಿ ತಾತ, ಕೆರೆಯೋದ್ ಬೇಡ,” ಅಂದಳು.

ಅವನು ಹಲಗೆ ತಿರುಗಿಸಿದ. ತಳದ ತುಂಬ ಸ್ಕೇಲಿನ ಗೀರುಗಳು, ಅವಸರದ ಕೈಯವು. ಅವುಗಳ ಮೇಲೆ ಬೆರಳಾಡಿಸಿದ. ನಾನು ಕೆರೆದಿದ್ದಿದ್ದರೆ ನೀನು ಗೆಲ್ಲುತ್ತಿದ್ದೆ ಅಲ್ಲವಾ ಅಂತ ಕೇಳಿದ. ಬೇರೆ ಯಾರಾದರೂ ಆಗಿದ್ದರೆ ಹಾಗೇನಿಲ್ಲ ಬಿಡಿ ಅನ್ನುತ್ತಿದ್ದರು. ಈ ಹುಡುಗಿ, ಹೌದು ತಾತ, ಗೆಲ್ತಿದ್ದೆ ಅಂದಳು. ಆಮೇಲೆ, ನನಗೋಸ್ಕರ ಬಿಟ್ರಾ ಅಂತ ಕೇಳಿದಳು.

“ಅರ್ಧ ನಿನಗೋಸ್ಕರ ಅಮ್ಮಣ್ಣಿ. ಅರ್ಧ ನನಗೋಸ್ಕರ. ನೀನ್ ಗೆದ್ರೆ ನಾನೂ ಹಿಮ ನೋಡ್ತೀನಲ್ಲಾ ಅನ್ನೋ ಆಸೆ ಇತ್ತು. ಸುಳ್ಳು ಹೇಳಲ್ಲ.”

ಹೇಳಿ ಮುಗಿಸುವಷ್ಟರಲ್ಲಿ ಅವನ ಕಣ್ಣು ತುಂಬಿತ್ತು. ಇದ್ದಿಲಿನ ಹೊಗೆಯ ಮೇಲೆ ಹಾಕೋಣವೆಂದರೆ ಪೆಟ್ಟಿಗೆಯನ್ನು ಇನ್ನೂ ಹಚ್ಚಿರಲಿಲ್ಲ. ಐಶ್ವರ್ಯ ಜೇಬಿನಿಂದ ಫೋನು ತೆಗೆದು ಒಂದು ಚಿತ್ರ ಹುಡುಕಿ ಅವನ ಮುಂದೆ ಹಿಡಿದಳು. ಹಿಮದ ಮೇಲೆ ನೇರಳೆ ಬಣ್ಣದ ಸುರುಳಿಗಳು ಚೆಲ್ಲಿದ್ದವು, ಪೆನ್ಸಿಲ್ ಹೆರೆದಾಗ ಬೀಳುವಂಥವು.

“ನಾನು ಕೆರೆದಿದ್ದು. ನಿಮ್ಮ ಮೇಣ. ಮೇಷ್ಟ್ರು ಎತ್ತಿ ಬಿಸಾಕು ಅಂದ್ರು. ನಾನು ಎತ್ತಲಿಲ್ಲ ತಾತ, ಅಲ್ಲೇ ಇರ್ಲಿ ಅಂತ ಬಿಟ್ಟು ಬಂದೆ.”

ಮುನಿಸ್ವಾಮಿ ಬೆರಳು ಚಾಚಿ ಆ ಸುರುಳಿಗಳ ಪಕ್ಕದ ಬಿಳುಪಿನ ಮೇಲೆ ಮೆಲ್ಲಗೆ ಇಟ್ಟ. ಜೇಬಿನಲ್ಲಿದ್ದು ಫೋನು ಬೆಚ್ಚಗಾಗಿತ್ತು. ಎಷ್ಟೋ ವರ್ಷಗಳಿಂದ ಏನೂ ತಿಳಿಯದಿದ್ದ ಬೆರಳಿಗೆ ಅಷ್ಟು ಮಾತ್ರ ತಿಳಿಯಿತು. ಆದರೂ ಅವನು ಬೆರಳು ತೆಗೆಯಲಿಲ್ಲ, ಅವಳೂ ಫೋನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.