ತಿಪ್ಪೆಯ ಮೇಲಿನ ರೊಟ್ಟಿ

ಮೊನ್ನೆ ಅಫಜಲಪುರಕ್ಕೆ ಭಾಷಣ ಮಾಡಲು ಹೊರಟವನು ಚೌಡಾಪುರದ ಖಾನಾವಳಿಯಲ್ಲಿ ಊಟಕ್ಕೆ ಕೂತೆ. ಹೆಂಚಿನ ಮೇಲೆ ಜೋಳದ ರೊಟ್ಟಿ ಸೀದ ವಾಸನೆ ಮೂಗಿಗೆ ಬಡಿಯಿತು. ಯಡ್ರಾಮಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಿ ನೆನಪಾದಳು. ತಾಟನ್ನು ಅತ್ತ ಸರಿಸಿದೆ... ನನ್ನ ಮೇಲೆ ನನಗೇ ಹೇಸಿಕೆ ಬಂತು.

ಕಾಕಿ ಉಣ್ಣಲು ಉಡಲು ಕಡಿಮೆಯಿಲ್ಲದ ಮನೆಯವಳು. ಕೊರಳಲ್ಲಿ ಲಿಂಗ. ಪ್ರಸಾದದ ಒಂದಗುಳೂ ಕೆಡಬಾರದೆಂದು ಉಂಡ ತಾಟು ತೊಳೆದು ಆ ನೀರನ್ನೂ ಕುಡಿಯುವ ರೂಢಿ. ಕೆಲವು ವರ್ಷಗಳ ಹಿಂದೆ ಕಲಾತ್ಮಕ ಸಿನಿಮಾದವರು ಊರಿಗೆ ಬಂದಾಗ ಅವರಿಗೆ ರೊಟ್ಟಿ ಬಡಿಯುವ ಹೆಂಗಸು ಬೇಕಾಗಿದ್ದಳು. ಕಾಲೇಜಿನಲ್ಲಿ ಪಾಠ ಹೇಳುವ ನಾನೇ ಮುಂದೆ ಬಿದ್ದು ಕಾಕಿಯನ್ನು ಒಪ್ಪಿಸಿದೆ. ರೊಟ್ಟಿ ಮಾಡಬೇಕು, ಹಿತ್ತಲಿಗೆ ಒಯ್ದು ತಿಪ್ಪೆಗೆ ಎಸೆಯಬೇಕು, ದೃಶ್ಯ ಇಷ್ಟೇ. ಯಾಕೆಂದು ನಿರ್ದೇಶಕ ಹೇಳಲಿಲ್ಲ. ಕೇಳಿದರೆ ದಡ್ಡ ಅಂದುಕೊಂಡಾನೆಂದು ನಾನೂ ತಲೆದೂಗಿದೆ.

ಎಸೆಯುವ ಸಂಗತಿಯನ್ನು ಕಾಕಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಬಂದವರು ಉಣ್ಣುತ್ತಾರೆಂದು ತಿಳಿದು, ರೂಢಿಯಂತೆ ಆ ರೊಟ್ಟಿಯನ್ನು ಲಿಂಗಕ್ಕೆ ಅರ್ಪಿಸಿಬಿಟ್ಟಿದ್ದಳು. ಅವಳ ಪಾಲಿಗೆ ಅದು ಪ್ರಸಾದ. ತಿಪ್ಪೆಗೆ ಎಸೆಯಬೇಕು ಅಂದಾಗ ನನ್ನ ಮುಖ ನೋಡಿದಳು.

"ಒಗಿ ಕಾಕಿ, ಬರೀ ಸಿನಿಮಾ ಅದ," ಅಂದೆ.

ನನ್ನ ಮಾತಿಗೆ ಒಗೆದಳು. ಮರುಕ್ಷಣವೇ ಓಡಿಹೋಗಿ, ಬೂದಿ ಮೆತ್ತಿದ ರೊಟ್ಟಿಯನ್ನು ಎತ್ತಿ, ಸೆರಗಿನಿಂದ ಒರೆಸಿ, ಅಳುತ್ತ ಅಲ್ಲೇ ತಿಂದಳು. ಕ್ಯಾಮೆರಾ ನಿಲ್ಲಲಿಲ್ಲ. ನಿರ್ದೇಶಕನ ಮುಖ ಲಾಟರಿ ಹೊಡೆದವನಂತೆ ಅರಳಿತು.

ಜೇವರ್ಗಿಯಲ್ಲಿ ಆ ಸಿನಿಮಾ ತೋರಿಸಿದರು. ತಲೆಬುಡ ತಿಳಿಯದ ಕಥೆ, ಕೊನೆಗೆ ಕಾಕಿಯ ಅಳು. ಅದರೊಳಗಿನ ಅರ್ಥ ಬಿಡಿಸಲು ನನ್ನನ್ನೇ ವೇದಿಕೆಗೆ ಕರೆದರು. ನಡೆದದ್ದನ್ನು ಕಣ್ಣಾರೆ ಕಂಡಿದ್ದ ನಾನು, ಇದು ಹಸಿವು ತಂದ ಹತಾಶೆ, ಬದುಕೇ ತಿಪ್ಪೆಯಾದವಳ ಮೂಕರೋದನ ಎಂದು ಅರ್ಧ ತಾಸು ಕೊರೆದೆ. ಚಪ್ಪಾಳೆ ಬಿತ್ತು. ಅದನ್ನೇ ಬರೆದು ಪತ್ರಿಕೆಗೂ ಕೊಟ್ಟೆ. ಥೂ!

ಕಾಕಿಯ ಮಗಳನ್ನು ಕೊಟ್ಟದ್ದು ಅಫಜಲಪುರಕ್ಕೆ. ನಿಮ್ಮವ್ವ ತಿಪ್ಪೆಯಲ್ಲಿ ಆರಿಸಿ ತಿನ್ನುವವಳು ಎಂದು ಅತ್ತೆಮನೆಯವರು ಅವಳನ್ನು ಹಂಗಿಸತೊಡಗಿದರು. ಕಾಕಿ ನನ್ನ ಹತ್ತಿರ ಬಂದಳು.

"ತಮ್ಮಾ, ನಾ ಹಸ್ದು ತಿಂದಿಲ್ಲ. ಪ್ರಸಾದ ಅಂತ ತಿಂದೇನಿ. ನಿನ್ನ ಮಾತು ಮಂದಿ ನಂಬ್ತಾರ. ಅಷ್ಟು ನಾಕು ಮಂದಿ ಮುಂದ ಹೇಳಪಾ."

"ಹೇಳ್ತೇನಿ ಕಾಕಿ," ಅಂದೆ. ಹೇಳಲಿಲ್ಲ. ಹೇಳಿದ್ದರೆ ನನ್ನ ಲೇಖನದ ಮಾನ ಹೋಗುತ್ತಿತ್ತು... ಅವಳು ಮತ್ತೆ ಕೇಳಲೂ ಇಲ್ಲ. ಮಗಳ ಮನೆಗೆ ಹೋಗುವುದನ್ನೇ ಬಿಟ್ಟಳು. ಹೋದ ವರ್ಷ ತೀರಿಕೊಂಡಳು.

ಮೊನ್ನೆಯ ಭಾಷಣವೂ ಅದೇ ಸಿನಿಮಾದ ಮೇಲೆ. ಊಟ ಬಿಟ್ಟು ಎದ್ದವನು ಅಫಜಲಪುರದ ಸಭೆಯಲ್ಲಿ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಸಂಘಟಕರು ಎದ್ದು ಬಂದು ಶಾಲು ಹೊದಿಸಿದರು.

"ಇಷ್ಟು ದಿವ್ಸ ಎಲ್ಲಾರೂ ಹಸಿವು ಅಂತಿದ್ರು. ನೀವು ಪ್ರಸಾದ ಅಂತ ಹೊಸಾ ಅರ್ಥ ಹೇಳಿದ್ರಿ. ಭಾಳ ಛಂದ ಆತ್ರಿ ಸರ."

"ಅರ್ಥ ಅಲ್ರೀ, ಖರೇನೇ ಹಂಗಾಗಿದ್ದು," ಅಂದೆ.

ಹೌದೆನ್ನಲು ಕಾಕಿ ಇರಲಿಲ್ಲ. ಅವರು ಮತ್ತೊಮ್ಮೆ ಚಪ್ಪಾಳೆ ತಟ್ಟಿದರು.