ಇಡೀ ಬ್ಯಾಚಿಗೊಂದೇ ಸರ್ವರ್

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ಆ ದಿನ ಸಿಟ್ಟು ಬಾರದಿದ್ದರೆ ನಾನು ಟೀಚರೇ ಅಲ್ಲ.

ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ರಾಯಬಾಗದಲ್ಲಿ ಡಿಪ್ಲೊಮಾ ಹುಡುಗರಿಗೆ ಕಂಪ್ಯೂಟರ್ ಕಲಿಸುತ್ತಿದ್ದೆ. ಲ್ಯಾಬಿನ ತುಂಬ ಪರದೆಗಳಿದ್ದರೂ ಎಲ್ಲಕ್ಕೂ ಜೀವ ಒಂದೇ, ಮೂಲೆಯಲ್ಲಿದ್ದ ಹಳೆಯ ಸರ್ವರ್. ಅದಕ್ಕೇ ದಿನವೂ ಅರ್ಧ ಬ್ಯಾಚನ್ನಷ್ಟೇ ಕೂರಿಸುತ್ತಿದ್ದೆ. ಪ್ರಾಕ್ಟಿಕಲ್ ಪರೀಕ್ಷೆಗೆಂದು ಹೊರಗಿನಿಂದ ಬಂದ ಪರೀಕ್ಷಕರಿಗೋ ಊರಿಗೆ ಮರಳುವ ಅವಸರ.

"ಎಲ್ಲಾರನ್ನೂ ಒಮ್ಮಿಗೇ ಕುಂದ್ರಸ್ರಿ ಮೇಡಂ, ಲಗೂನ ಮುಗೀತೈತಿ."

ಬೇಡವೆಂದೆ, ಕೇಳಲಿಲ್ಲ.

ಸ್ವಲ್ಪ ಹೊತ್ತಿಗೇ ಸರ್ವರ್ ಒದ್ದಾಡತೊಡಗಿತು. ಡಿಸ್ಕಿನ ದೀಪ ಆರಲೇ ಇಲ್ಲ, ಒಳಗಿಂದ ಕರಕರ ಸದ್ದು. ಒತ್ತಿದ ಅಕ್ಷರ ಪರದೆಗೆ ಬರುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು.

"ಕೆಟ್ಟೈತೇನ್ರಿ?" ಎಂದರು ಪರೀಕ್ಷಕರು.

"ಕೆಟ್ಟಿಲ್ರಿ, ತುಂಬೇತಿ!"

ಮೆಮೊರಿ ಎಂದರೆ ಅಡುಗೆಕಟ್ಟೆ, ಡಿಸ್ಕ್ ಎಂದರೆ ಅಟ್ಟ ಎಂದು ಪಾಠದಲ್ಲಿ ಹೇಳಿದ್ದೆ. ಕಟ್ಟೆಯಲ್ಲಿ ಜಾಗ ಸಾಲದಿದ್ದರೆ ಆಪರೇಟಿಂಗ್ ಸಿಸ್ಟಮ್ ಒಬ್ಬರ ಕೆಲಸದ ತುಣುಕುಗಳನ್ನು, ಅಂದರೆ ಪುಟಗಳನ್ನು, ಅಟ್ಟಕ್ಕೇರಿಸಿ ಇನ್ನೊಬ್ಬರದನ್ನು ಇಳಿಸುತ್ತದೆ. ಮಿತಿಯಲ್ಲಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮಿತಿ ಮೀರಿತೋ, ಹತ್ತಿ ಇಳಿಯುವುದರಲ್ಲೇ ಹೊತ್ತು ಹೋಗುತ್ತದೆ, ರೊಟ್ಟಿ ಒಂದೂ ಬೇಯುವುದಿಲ್ಲ. ಅದನ್ನೇ ಥ್ರ್ಯಾಶಿಂಗ್ ಎನ್ನುತ್ತಾರೆ.

"ಅರ್ಧ ಮಂದಿ ಸೇವ್ ಮಾಡಿ, ಲಾಗೌಟ್ ಆಗಿ ಹೊರಗ ನಡೀರಿ. ಇವರದು ಮುಗಿದ ಮ್ಯಾಲ ನೀವು," ಎಂದು ಕೂಗಿದೆ. ಒಬ್ಬರಾದರೂ ಅಲುಗಾಡಬೇಕಲ್ಲ! ಎದ್ದರೆ ಕುರ್ಚಿ ಮತ್ತೆ ಸಿಗುತ್ತದೆಂಬ ನಂಬಿಕೆ ಯಾರಿಗೂ ಇರಲಿಲ್ಲ.

ಆಗ ಪಾಲಬಾವಿಯ ಹುಡುಗಿ ಎದ್ದಳು. ಅಯ್ಯೋ, ಯಾರು ಎದ್ದರೂ ಅವಳು ಏಳಬಾರದಿತ್ತು! ಸಂಜೆಯ ಬಸ್ಸಿಗೆ ಮನೆ ಸೇರಬೇಕು, ಒಂದು ದಿನ ತಪ್ಪಿದರೂ ಕಾಲೇಜು ಬಂದ್ ಎಂದು ಅವಳ ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ. ಅದು ಇಡೀ ಕ್ಲಾಸಿಗೆ ಗೊತ್ತು. ಮರುದಿನ ಇನ್ನೊಂದು ಪರೀಕ್ಷೆ ಬೇರೆ ಇತ್ತು.

"ನೀ ಕುಂದ್ರ ಬೇ! ನಿನ್ನ ಬಸ್ಸ ಹೋಗ್ತೈತಿ," ಎಂದು ಗದರಿದೆ.

"ಯಾರರ ಏಳಬೇಕಲ್ರಿ ಮೇಡಂ," ಎಂದವಳೇ ಹೊರನಡೆದಳು.

ಅವಳನ್ನು ನೋಡಿ ನಾಚಿ ಒಬ್ಬೊಬ್ಬರೇ ಎದ್ದರು. ಡಿಸ್ಕಿನ ಸದ್ದು ಇಳಿಯಿತು. ಒಳಗಿದ್ದವರ ಕೆಲಸ ಸರಸರ ಮುಗಿಯಿತು, ಆಮೇಲೆ ಹೊರಗಿದ್ದವರದೂ ಆಯಿತು. ನಾನು ಹೇಳಿದ್ದೇ ಸರಿಯಾಯಿತು ಎಂದು ಬೀಗಿದೆ. ಪರೀಕ್ಷಕರಿಗೆ ಅವರ ಬಸ್ಸು ಸಿಕ್ಕಿತು, ಹುಡುಗಿಯದು ಹೋಗಿಬಿಟ್ಟಿತ್ತು.

ಅವಳನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಪಾಲಬಾವಿಗೆ ಹೊರಟೆ. ಕಬ್ಬಿನ ಟ್ರ್ಯಾಕ್ಟರುಗಳನ್ನು ದಾಟುತ್ತ, ಅವಳ ಅಪ್ಪನಿಗೆ ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿದೆ. ಆತ ಊರ ಬಸ್‌ಸ್ಟ್ಯಾಂಡಿನಲ್ಲೇ ನಿಂತಿದ್ದ, ಮುಖ ಬಿಗಿದುಕೊಂಡಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು.

"ಅಪ್ಪಾ, ಬಸ್ಸ ತಪ್ತೈತಿ ಅಂತ ಗೊತ್ತಿತ್ತು. ಆದ್ರ ಎಲ್ಲಾರೂ ಕುಂತಿದ್ರ ಯಾರದೂ ಮುಗೀತಿದ್ದಿಲ್ಲ. ಅದಕ್ಕ ನಾ ಎದ್ದ ಹೊರಗ ಹೋದೆ."

ಆತ ನನ್ನತ್ತ ನೋಡಿದ. ಹೌದೆಂದು ತಲೆಯಾಡಿಸಿದೆ.

"ನಿಂದು ಮುಗೀತೇನ?"

"ಮುಗೀತಪ್ಪಾ."

ಅವಳ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ.

"ನಾಳಿ ಎಷ್ಟೊತ್ತರ ಆಗ್ಲಿ, ಗಡಬಡ ಮಾಡಬ್ಯಾಡ," ಎಂದ. "ಕರಕೊಂಡ ಬರಾಕ ನಾನ ಬರ್ತೀನಿ."